ಈ ಸಲಕ್ಕೆ ಮಾತ್ರ

ಅಮ್ಮನ ಹಳೇ ಫೋನು ಬಚ್ಚಲ ಹಂಡೆಗೆ ಬಿತ್ತು. ಹಂಡೆಯಲ್ಲಿ ಕುದಿಯುವ ನೀರಿತ್ತು. ಇಕ್ಕಳದಲ್ಲಿ ಎತ್ತಿ, ಸೆರಗಿನಲ್ಲಿ ಒರೆಸಿ, ಯಾರೋ ಹೇಳಿದ್ದು ನೆನಪಾಗಿ ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟಳು. ಮೂರು ದಿನವಾದರೂ ಅದಕ್ಕೆ ಜೀವ ಬರಲಿಲ್ಲ. "ಬೇಯಿಸಿದ ಮೇಲೆ ಅಕ್ಕಿ ಹಾಕಿದರೆ ಎಂತ ಬಂತು, ಮೊದಲೇ ಹಾಕಬೇಕಿತ್ತು" ಎಂದ ಅಪ್ಪ. ಗುಂಡಿ ಒತ್ತುವ ಫೋನು ಅದು, ಏಳು ಮಳೆಗಾಲ ಕಂಡಿತ್ತು. ಎರಡು ಒತ್ತಿ ಹಿಡಿದರೆ ನಾನು, ಮೂರಕ್ಕೆ ತಂಗಿ, ನಾಲ್ಕಕ್ಕೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ, ನೆತ್ತಿಯಲ್ಲೊಂದು ಟಾರ್ಚು. ಅಮ್ಮನಿಗೆ ಇಷ್ಟು ಸಾಕು ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಅವಳನ್ನು ಕೇಳಿರಲಿಲ್ಲ.

ಸಾಗರ ತಾಲ್ಲೂಕಿನಲ್ಲಿ ಎರಡು ಗುಡ್ಡಗಳ ಸಂದಿನಲ್ಲಿದೆ ನಮ್ಮ ಮನೆ. ಮೊಬೈಲ್ ಸಿಗ್ನಲ್ಲು ಮನೆಯೊಳಗೆ ಬರುವುದಿಲ್ಲ, ಹುಲ್ಲುಗೊಣಬೆಯ ಹತ್ತಿರ ಬಂದು ನಿಲ್ಲುತ್ತದೆ. ಮನೆಗೆ ನೆಂಟರು ಬಂದರೆ ಮೊದಲು ಬಚ್ಚಲು ತೋರಿಸುತ್ತೇವೆ, ಆಮೇಲೆ ಹುಲ್ಲುಗೊಣಬೆ. ಕೊರೋನಾ ಕಾಲದಲ್ಲಿ ಮಕ್ಕಳೆಲ್ಲ ಗುಡ್ಡ ಹತ್ತಿ ಕುಳಿತು ಪಾಠ ಕೇಳಿದ್ದಾಯಿತಲ್ಲ, ಅದರ ನಂತರ ನಮ್ಮೂರಿಗೂ ಕರೆಂಟು ಕಂಬಗಳ ಮೇಲೆ ಫೈಬರ್ ಕೇಬಲ್ಲು ತೂಗಾಡಿಕೊಂಡು ಬಂತು. ಈಗ ಸ್ಮಾರ್ಟ್‌ಫೋನ್ ಇದ್ದರೆ ವೈಫೈ ಮೇಲೆಯೇ ಮಾತಾಡಬಹುದು, ಮಳೆಯಲ್ಲಿ ಕೊಡೆ ಹಿಡಿದು ಗೊಣಬೆಯ ಬಳಿ ನಿಲ್ಲಬೇಕಾಗಿಲ್ಲ. ಹಾಗಾಗಿ ಬೆಂಗಳೂರಿನಿಂದ ಹೊರಡುವಾಗ ಒಂದು ಫೋನು ಕೊಂಡೆ. ಹಿಂದಕ್ಕೊಂದು ಕವರು ತೊಡಿಸಿ, ಮುಂದಕ್ಕೆ ಗಾಜು ಅಂಟಿಸಿ ಕೊಟ್ಟ ಅಂಗಡಿಯ ಹುಡುಗ, ಸೆಟಪ್ಪೂ ಮಾಡಿಕೊಡಲಾ, ಹತ್ತು ನಿಮಿಷ ಎಂದ. ಅಷ್ಟು ನನಗೆ ಬರುವುದಿಲ್ಲವೇ ಎಂದುಕೊಂಡು ಬೇಡ ಎಂದೆ. ಊರಿನಲ್ಲಿ ಅದಕ್ಕೆ ಮೂರು ದಿನ ಹಿಡಿಯಿತು.

ಫೋನು ಕೆಟ್ಟದ್ದಿರಲಿಲ್ಲ, ನನಗೂ ಕೆಲಸ ಗೊತ್ತಿತ್ತು. ತಡವಾಗಿದ್ದು ಅಮ್ಮ ಓದುತ್ತಾಳೆ ಎಂಬ ಕಾರಣಕ್ಕೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಮುದ್ರಣವಾದ ಯಾವುದನ್ನೂ ಬಿಡುವುದಿಲ್ಲ. ಸುಧಾ, ತರಂಗಗಳನ್ನು ಸಂಪಾದಕೀಯದಿಂದ ಹಿಡಿದು ರಟ್ಟಿನ ಜಾಹೀರಾತಿನ ತನಕ ಓದುತ್ತಾಳೆ. ಬೆಲ್ಲ ಕಟ್ಟಿಕೊಂಡು ಬಂದ ಪೇಪರನ್ನು ಬಿಡಿಸಿ, ನೀವಿ, ಅರ್ಧ ಹರಿದ ಸುದ್ದಿಯ ಉಳಿದರ್ಧ ಏನಿರಬಹುದೆಂದು ಊಟದ ಹೊತ್ತಿಗೆ ನಮ್ಮನ್ನು ಕೇಳುತ್ತಾಳೆ. ಅಂಥವಳ ಕೈಗೆ ಫೋನು ಕೊಟ್ಟು, ಮೊದಲ ಪರದೆಯ ಭಾಷೆಗಳ ಸಾಲಿನಲ್ಲಿ ಅವಳೇ ಕನ್ನಡ ಹುಡುಕಿ ಒತ್ತಿದ್ದನ್ನು ನೋಡಿ ನಾನು ಹಿಗ್ಗಿದ್ದೆ. ಮುಂದೆ ಕಾದಿದ್ದು ಗೊತ್ತಿರಲಿಲ್ಲ.

ಸಿಮ್ ಹಾಕುವಾಗಲೇ ಮೊದಲ ವಿಘ್ನ. ಟ್ರೇ ಎಳೆಯುವ ಪುಟ್ಟ ಸೂಜಿ ಪೆಟ್ಟಿಗೆಯಿಂದ ಜಾರಿ ಜಗಲಿಯ ಹಲಗೆಗಳ ಸಂದಿಗೆ ಹೋಯಿತು. ನಾನು ಟಾರ್ಚು ಹುಡುಕುತ್ತಿರುವಾಗ ಅಮ್ಮ ಸರದಲ್ಲಿ ಸದಾ ತೂಗುವ ಪಿನ್ನು ಬಿಚ್ಚಿ, ತೂತಿಗೆ ಚುಚ್ಚಿ, ಟ್ರೇ ಹೊರಗೆಳೆದು, ಪಿನ್ನನ್ನು ಮತ್ತೆ ಸರಕ್ಕೆ ಸಿಕ್ಕಿಸಿಕೊಂಡಳು. ಅವಳ ಆ ಪಿನ್ನಿನಿಂದ ಕಾಲಿನ ಮುಳ್ಳು ತೆಗೆದಿದ್ದುಂಟು, ಒಲೆಯ ಬರ್ನರ್ ಬಿಡಿಸಿದ್ದುಂಟು. ಈಗ ಅದು ದೂರಸಂಪರ್ಕಕ್ಕೂ ಬಂತು.

ಒಪ್ಪಂದದ ಪುಟ ತೆರೆದುಕೊಂಡಿತು. ನಾನು ಅಭ್ಯಾಸಬಲದಿಂದ ಬೆರಳಿನಲ್ಲಿ ಮೇಲಕ್ಕೆ ತಳ್ಳಿ 'ಸಮ್ಮತಿ' ಒತ್ತಲು ಹೋದೆ. ಅಮ್ಮ ನನ್ನ ಕೈ ಹಿಡಿದಳು.

"ತಡಿ ತಮಾ, ಓದಬೇಕಲ್ಲ."

"ಅದನ್ನ ಯಾರೂ ಓದುವುದಿಲ್ಲ ಅಮ್ಮ."

"ಓದದಿದ್ದರೆ ಬರೀತಾರೆ ಎಂತಕ್ಕೆ?"

ಇದರ ಹಿಂದೊಂದು ಕತೆಯಿದೆ. ನನ್ನ ಅಜ್ಜ, ಅಂದರೆ ಅಮ್ಮನ ಅಪ್ಪ, ಒಮ್ಮೆ ನೆಂಟರೊಬ್ಬರ ಸಾಲಪತ್ರಕ್ಕೆ ಸಾಕ್ಷಿ ಎಂದುಕೊಂಡು ಸಹಿ ಹಾಕಿದ. ಅದು ಸಾಕ್ಷಿಯಾಗಿರಲಿಲ್ಲ, ಜಾಮೀನಾಗಿತ್ತು. ಅರ್ಧ ಎಕರೆ ತೋಟ ಹೋಯಿತು. ಅವತ್ತಿನಿಂದ ಆ ಮನೆಯ ಹೆಣ್ಣುಮಕ್ಕಳು ಕೊರಿಯರಿನವನ ಚೀಟಿಯನ್ನೂ ಓದದೆ ಸಹಿ ಮಾಡುವುದಿಲ್ಲ. ಕನ್ನಡಕ ಏರಿಸಿಕೊಂಡು ಅಮ್ಮ ಮಧ್ಯಾಹ್ನವಿಡೀ ಒಪ್ಪಂದ ಓದಿದಳು. ಆ ಕನ್ನಡ ಯಂತ್ರ ಬರೆದ ಹಾಗಿತ್ತು, ಬಿಡಿ. ವಾಕ್ಯದ ಕರ್ತೃ ಒಂದು ಪುಟದಲ್ಲಿದ್ದರೆ ಕ್ರಿಯಾಪದ ಮುಂದಿನ ಪುಟದಲ್ಲಿ. ಎರಡು ಸಲ ನನ್ನನ್ನು ಕರೆದು ಅರ್ಥ ಕೇಳಿದಳು, ಎರಡು ಸಲವೂ ನನಗೆ ತಿಳಿಯಲಿಲ್ಲ. ಸಂಜೆ ದನ ಬರುವ ಹೊತ್ತಿಗೆ ಓದಿ ಮುಗಿಸಿ, "ಒಟ್ಟು ಮಾತು ಇಷ್ಟು. ಎಂತಾದರೂ ಆದರೆ ಅವರು ಜವಾಬ್ದಾರರಲ್ಲ" ಎಂದಳು. ಹತ್ತಾರು ಪುಟದ ಒಪ್ಪಂದಕ್ಕೆ ಇದಕ್ಕಿಂತ ಒಳ್ಳೆಯ ಸಾರಾಂಶವನ್ನು ವಕೀಲರೂ ಕೊಡಲಾರರು.

ಮಾರನೇ ದಿನ ಖಾತೆ ತೆರೆಯುವ ಕೆಲಸ. 'ನಿಮ್ಮ ಹೆಸರು' ಎಂದು ಕೇಳಿತು. ನಾನು ಟೈಪಿಸಲು ಶುರು ಮಾಡಿದೆ. "ಅದಲ್ಲ" ಎಂದಳು ಅಮ್ಮ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವುದು ಹಿಂದೆ ರೂಢಿಯಲ್ಲಿತ್ತು. ಅತ್ತೆಯದೋ ಓರಗಿತ್ತಿಯದೋ ಅದೇ ಹೆಸರಾದರೆ ಬದಲಿಸಲೇಬೇಕು. ಅಮ್ಮನಿಗೂ ಹಾಗೆ ಆಗಿತ್ತೆಂದು ಕೇಳಿದ್ದೆ, ಆದರೆ ಆ ಹಳೆಯ ಹೆಸರಿನಿಂದ ಅವಳನ್ನು ಯಾರೂ ಕರೆದದ್ದು ಕೇಳಿರಲಿಲ್ಲ. ಕರೆಯುತ್ತಿದ್ದವರೆಲ್ಲ ಹೋಗಿಯಾಗಿದೆ. ಆಧಾರಿನಲ್ಲಿ, ರೇಷನ್ ಕಾರ್ಡಿನಲ್ಲಿ, ಪಹಣಿಯಲ್ಲಿ ಎಲ್ಲ ಕಡೆ ಮದುವೆಯಾದ ಮೇಲಿನದೇ. "ಇದು ನನ್ನ ಹೆಸರು ಕೇಳ್ತಾ ಇದೆ ಅಲ್ದಾ, ಮನೆಯವರದಲ್ಲವಲ್ಲ?" ಎಂದು ಖಾತ್ರಿ ಮಾಡಿಕೊಂಡು ಹಳೆಯ ಹೆಸರು ಹೇಳಿದಳು. ಜಗಲಿಯಲ್ಲಿ ಕವಳ ಹಾಕುತ್ತಿದ್ದ ಅಪ್ಪ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ. ಏನೂ ಹೇಳಲಿಲ್ಲ. ಈಗ ಅಮ್ಮನ ಇಮೇಲು ಆ ಹೆಸರಿನಲ್ಲಿದೆ. ಉಪನಾಮದ ಜಾಗದಲ್ಲಿ ಏನು ಹಾಕೋಣ ಎಂದರೆ ಖಾಲಿ ಬಿಡು ಎಂದಳು, ಖಾಲಿ ಬಿಟ್ಟರೂ ನಡೆಯಿತು.

ಹುಟ್ಟಿದ ದಿನ ಮಾತ್ರ ನಡೆಯಲಿಲ್ಲ. ಆಧಾರಿನಲ್ಲಿ ಇರುವುದು 1956ರ ಜೂನ್ 1. ಅದು ಶಾಲೆಗೆ ಸೇರಿಸಿಕೊಂಡ ಮೇಷ್ಟರು ಹಾಕಿದ ದಿನ. ಆ ಮೇಷ್ಟರ ಕೃಪೆಯಿಂದ ಇಡೀ ಊರು ಜೂನ್ ಒಂದರಂದೇ ಹುಟ್ಟಿದೆ. ಅಮ್ಮನಿಗೆ ಗೊತ್ತಿರುವಂತೆ ಅವಳು ಹುಟ್ಟಿದ್ದು ಅನಂತನ ಚತುರ್ದಶಿಯ ಮಾರನೇ ದಿನ, ದನ ಕೊಟ್ಟಿಗೆಗೆ ಬರುವ ಹೊತ್ತಿಗೆ. ಫೋನಿನಲ್ಲಿ ತಿಥಿ ಬರೆಯುವ ಜಾಗವಿಲ್ಲ, ದನಗಳದಂತೂ ಇಲ್ಲವೇ ಇಲ್ಲ. "ಸರ್ಕಾರಕ್ಕೆ ಹೇಳಿದ ಸುಳ್ಳನ್ನೇ ಇದಕ್ಕೂ ಹೇಳು, ಎರಡೆರಡು ಸುಳ್ಳು ನೆನಪಿರುವುದಿಲ್ಲ" ಎಂದು ಒಪ್ಪಿಕೊಂಡಳು. ಗಂಡೋ ಹೆಣ್ಣೋ ಎಂಬ ಪ್ರಶ್ನೆಯ ಕೆಳಗೆ 'ಹೇಳಲು ಇಷ್ಟವಿಲ್ಲ' ಎಂಬ ಉತ್ತರವೂ ಇತ್ತು. ಅದನ್ನು ಕಂಡು ಅವಳಿಗೆ ಬಹಳ ಖುಷಿಯಾಯಿತು. "ಹೇಳದೇ ಇರಬಹುದು ಅಂತಲೂ ಹೇಳ್ತದೆ. ಮರ್ಯಾದಸ್ಥ" ಎಂದಳು.

ಒಟಿಪಿಯ ಪ್ರಸಂಗ ಚುಟುಕಾದದ್ದು. ಸಂದೇಶ ಬಂತು, ಎಷ್ಟು ನಂಬರು ಎಂದು ಕೇಳಿದೆ, ಅಮ್ಮ ಫೋನನ್ನು ಎದೆಗೆ ಅವಚಿಕೊಂಡಳು. ಯಾರಿಗೂ ಹೇಳಬೇಡಿ ಎಂದು ಅದೇ ಸಂದೇಶದಲ್ಲಿ ಬರೆದಿದೆ, ಯಾರಿಗೂ ಎಂದರೆ ಮಗನೂ ಬಂದ. ಅವಳೇ ಒಂದೊಂದು ಅಂಕಿ ಹುಡುಕಿ ಒತ್ತುವಷ್ಟರಲ್ಲಿ ಸಮಯ ಮೀರಿತು. ಹೀಗೆ ಮೂರು ಸಲ.

ಒತ್ತುವುದೂ ಸುಲಭವಿರಲಿಲ್ಲ ಪಾಪ. ಮೊದಮೊದಲು ಉಗುರಿನಿಂದ ಒತ್ತಿದಳು, ಫೋನು ಅಲ್ಲಾಡಲಿಲ್ಲ. ಗಾಜಿನ ಕೆಳಗೆ ಹರಡಿರುವ ಸಣ್ಣ ವಿದ್ಯುತ್ ಕ್ಷೇತ್ರ ಚರ್ಮ ತಾಗಿದಾಗ ಬದಲಾಗುತ್ತದೆ, ಫೋನಿಗೆ ಬೆರಳು ಗೊತ್ತಾಗುವುದು ಹಾಗೆ. ಉಗುರಿನ ಮೂಲಕ ಆ ವಿದ್ಯುತ್ತು ಹರಿಯುವುದಿಲ್ಲ. ಬೆರಳಿನಿಂದ ಒತ್ತಿದರೂ ಒಮ್ಮೆ ಆಗುತ್ತಿತ್ತು, ಒಮ್ಮೆ ಇಲ್ಲ. ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಬೆರಳುಗಳವು. ತುದಿಗಳು ಒಣಗಿ ದೊರಗಾಗಿವೆ, ಗೆರೆಗಳಲ್ಲಿ ಚೊಗರಿನ ಕಪ್ಪು ಕೂತುಬಿಟ್ಟಿದೆ. ಬೆರಳಚ್ಚು ದಾಖಲಿಸಲು ಹೋದಾಗ ಬೆರಳು ಒರೆಸಿ ಮತ್ತೆ ಇಡಿ ಎಂದು ಫೋನು ಹೇಳುತ್ತಲೇ ಇತ್ತು. ನ್ಯಾಯಬೆಲೆ ಅಂಗಡಿಯ ಯಂತ್ರವೂ ತಿಂಗಳು ತಿಂಗಳು ಇದನ್ನೇ ಹೇಳುತ್ತದೆ. ನನ್ನ ಬೆರಳನ್ನು ಮಾತ್ರ ಫೋನು ಒಂದೇ ಸಲಕ್ಕೆ ಹಿಡಿದುಕೊಂಡಿತು. ಜೀವಮಾನದಲ್ಲಿ ಒಂದು ಗೋಟು ಅಡಿಕೆಯನ್ನೂ ಸುಲಿಯದ ಬೆರಳು.

ಕೊನೆಗೆ ಚುಕ್ಕಿಗಳ ಬೀಗ ಹಾಕುವುದೆಂದಾಯಿತು. ಮೂರು ಸಾಲಿನಲ್ಲಿ ಮೂರು ಮೂರು ಚುಕ್ಕಿ, ನಡುವೆ ಗೆರೆ ಎಳೆಯುವುದು. ಪರದೆ ನೋಡಿದ್ದೇ ಅಮ್ಮನ ಮುಖ ಅರಳಿತು. ಬೆರಳ ತುದಿಯನ್ನು ತುಸು ಒದ್ದೆ ಮಾಡಿಕೊಂಡು ಸರಸರನೆ ಎಳೆದಳು. ಗೆರೆ ಹೊರಟ ಚುಕ್ಕಿಗೇ ಬಂದು ಸೇರುವಲ್ಲಿ ಫೋನು ತಡೆಯಿತು, ಒಂದು ಚುಕ್ಕಿಯನ್ನು ಎರಡು ಸಲ ಮುಟ್ಟುವಂತಿಲ್ಲ ಅದರಲ್ಲಿ. "ಎಳೆ ಕೂಡದಿದ್ದರೆ ರಂಗೋಲಿ ಹೇಗಾಗ್ತದೆ? ಬಾಗಿಲು ತೆರೆದಿಟ್ಟು ಬೀಗ ಹಾಕಿದ ಹಾಗೆ" ಎಂದು ಅವಳ ತಕರಾರು. ಕೂಡದ ರಂಗೋಲಿಗೆ ಒಲ್ಲದ ಮನಸ್ಸಿನಿಂದ ಒಪ್ಪಿದಳು. ಈ ಒಂಬತ್ತು ಚುಕ್ಕಿಗಳಲ್ಲಿ ಫೋನು ಒಪ್ಪುವಂಥ ಗೆರೆಗಳು ಒಟ್ಟು 3,89,112 ಎಂದು ಲೆಕ್ಕ ಮಾಡಿದವರಿದ್ದಾರೆ. ಅವುಗಳಲ್ಲಿ ಅಮ್ಮ ಆರಿಸಿದ್ದು ಯಾವುದೆಂದು ನನಗೆ ಗೊತ್ತಿಲ್ಲ. ಮರೆತರೆ ಕಷ್ಟ, ನನಗೊಂದು ಸಲ ತೋರಿಸಿಡು ಎಂದರೆ, ರಂಗೋಲಿ ಮರೆಯುವ ದಿನ ಫೋನು ಯಾರಿಗೆ ಬೇಕು ಎನ್ನುತ್ತಾಳೆ.

ಮುಂದಿನದು ಅನುಮತಿಗಳ ಸರದಿ. ನಿಮ್ಮ ಸಂಪರ್ಕಗಳನ್ನು ನೋಡಲೇ, ಮೈಕು ಬಳಸಲೇ, ನೀವಿರುವ ಜಾಗ ತಿಳಿಯಲೇ ಎಂದು ಪ್ರತಿಯೊಂದು ಆ್ಯಪೂ ಬಾಗಿಲಲ್ಲಿ ನಿಂತು ಕೇಳುತ್ತದಲ್ಲ, ಅದು. ಈ ಶಿಷ್ಟಾಚಾರ ಇತ್ತೀಚಿನದು. ಆಂಡ್ರಾಯ್ಡ್ ಫೋನುಗಳಲ್ಲಿ 2015ರ ತನಕ ಆ್ಯಪ್ ಬೇಕಾದರೆ ಅದು ಕೇಳಿದ್ದೆಲ್ಲವನ್ನೂ ಮೊದಲೇ ಇಡಿಯಾಗಿ ಒಪ್ಪಬೇಕಿತ್ತು. ಆ ವರ್ಷದ ಆರನೇ ಆವೃತ್ತಿಯಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೇಳುವ ಪದ್ಧತಿ ಬಂತು, 2020ರಲ್ಲಿ 'ಈ ಬಾರಿ ಮಾತ್ರ' ಎಂಬ ಆಯ್ಕೆಯೂ ಸೇರಿತು. ನಾನು ಯಾವತ್ತೂ ಅದನ್ನು ಒತ್ತಿದವನಲ್ಲ. ಅಮ್ಮನಿಗೆ ಅದು ಬಹಳ ಹಿಡಿಸಿತು. ಕಾರಣ ನನಗೆ ಗೊತ್ತು. ಪಕ್ಕದ ಮನೆಯವರು ಏಣಿ ಕೇಳಲು ಬಂದಾಗಲೆಲ್ಲ ಅವಳು ಹೇಳುವುದು ಅದನ್ನೇ: ಈ ಸಲಕ್ಕೆ ಮಾತ್ರ. ಮೂವತ್ತು ವರ್ಷದಿಂದ ಹೇಳುತ್ತಿದ್ದಾಳೆ, ಏಣಿ ಹೋಗಿ ಬಂದು ಮಾಡುತ್ತಿದೆ, ಆದರೆ ಅದು ನಮ್ಮ ಏಣಿ ಎಂಬುದು ಎರಡೂ ಮನೆಯವರಿಗೆ ನೆನಪಿದೆ.

ಟಾರ್ಚಿನ ಆ್ಯಪೊಂದನ್ನು ನಾನೇ ಹಾಕಿದ್ದೆ, ಫೋನಿನೊಳಗೇ ಟಾರ್ಚಿದೆ ಎಂಬುದನ್ನು ಮರೆತು. ಅದು ಸಂಪರ್ಕಗಳನ್ನು ಕೇಳಿತು. ಅಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ದೀಪಕ್ಕೆ ನನ್ನ ಬಳಗದ ನಂಬರು ಎಂತಕ್ಕೆ?" ನನ್ನ ಬಳಿ ಉತ್ತರವಿರಲಿಲ್ಲ. ಟಾರ್ಚನ್ನು ತೆಗೆಸಿದಳು. ಪಂಚಾಂಗದ ಆ್ಯಪು ಇರುವ ಜಾಗ ಕೇಳಿತು. ನಾನು ಜಾಣನಾಗಿ, "ಇದಕ್ಕೂ ಬೇಡ ಅನ್ನು" ಎಂದೆ. "ಇದಕ್ಕೆ ಬೇಕು" ಎಂದಳು ಅಮ್ಮ. ತಿಥಿ ಹಿಡಿಯುವುದು ಸೂರ್ಯೋದಯದಿಂದ, ಸೂರ್ಯ ಬೆಂಗಳೂರಿನಲ್ಲಿ ಹುಟ್ಟುವ ಹೊತ್ತಿಗೇ ಸಾಗರದಲ್ಲಿ ಹುಟ್ಟುವುದಿಲ್ಲ, ಊರು ಗೊತ್ತಿಲ್ಲದೆ ಅದು ಏಕಾದಶಿ ಹೇಳುವುದು ಹೇಗೆ? ಕೊಟ್ಟಳು. 2023ರಲ್ಲಿ ನಮ್ಮಲ್ಲೂ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆ. ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದದ್ದರಲ್ಲಿ ಓದಿಕೊಳ್ಳುವ ಅನುಕೂಲ ಕೊಡಬೇಕು ಎನ್ನುತ್ತದೆ ಅದು. ಓದುವವರು ಒಬ್ಬರಾದರೂ ಇದ್ದಾರೆಂದು ಕಾಯ್ದೆ ಮಾಡಿದವರಿಗೆ ತಿಳಿಸಬೇಕೆನಿಸಿತು.

ಬರೆಯುವುದು ಕಲಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಂಪ್ಯೂಟರಿನ ಇಂಗ್ಲಿಷ್ ಕೀಲಿಗಳ ಮೇಲೆ ಕನ್ನಡವನ್ನು ಸರಾಗವಾಗಿ ಕೂರಿಸಿದ ಕೆ.ಪಿ. ರಾವ್ ಅವರ ವಿನ್ಯಾಸವನ್ನು ನಾನು ವರ್ಷಗಟ್ಟಲೆ ಬಳಸಿದವನು. ಇಂಗ್ಲಿಷ್ ಕೀಲಿಯ ಹಂಗಿಲ್ಲದ ಅಮ್ಮನಿಗೆ ಅ ಆ ಇ ಈ ಸಾಲಾಗಿ ಕಾಣುವ ಕೀಲಿಮಣೆಯೇ ಒಪ್ಪಿತು. ತೊಡಕಾದದ್ದು ಒತ್ತಕ್ಷರ. ಸ್ಲೇಟಿನಲ್ಲಿ ಅಕ್ಷರದ ಕೆಳಗೆ ಬರೆಯುವ ಒತ್ತನ್ನು ಇಲ್ಲಿ ನಡುವೆ ಒಂದು ಕೊಂಡಿ ಹಾಕಿ ಪಕ್ಕಕ್ಕೆ ಬರೆಯಬೇಕು, ಅದು ತಾನಾಗಿ ಕೆಳಗಿಳಿಯುತ್ತದೆ. ಅವಳು ತಂಗಿಗೆ ಕಳಿಸಿದ ಮೊದಲ ಸಂದೇಶ 'ಡೇರೆ ಗೆಡ್ಡೆ ಇಡು'. 'ಗೆಡ್ಡೆ'ಗೆ ಆರು ಸಲ ಒತ್ತಬೇಕಾಯಿತು. ಮಾತಾಡಿದರೆ ತಾನೇ ಬರೆದುಕೊಳ್ಳುತ್ತದೆ ಎಂದು ಮೈಕು ತೋರಿಸಿದೆ. ಅಮ್ಮ ಹೇಳಿದ 'ಎಂತಕ್ಕೆ' ಎಂಬುದನ್ನು ಅದು 'ಎಂಥ ಅಕ್ಕ' ಎಂದು ಬರೆಯಿತು. ಮಲೆನಾಡಿನ ಮಾತು ಅದಕ್ಕಿನ್ನೂ ಕಿವಿಗೆ ಬಿದ್ದಿಲ್ಲ, ಆಗಲಿ, ನಿಧಾನಕ್ಕೆ ಕಲಿಯುತ್ತದೆ ಎಂದು ಅದರ ಪರವಾಗಿ ಅವಳೇ ಸಮಾಧಾನ ಹೇಳಿದಳು.

ಪರದೆಯ ಚಿತ್ರಕ್ಕೆ ಸಿಗಂದೂರು ದೇವಿಯನ್ನು ಹಾಕಲೇ ಎಂದೆ. ಮುಸುರೆ ಕೈಯಲ್ಲಿ ಮುಟ್ಟುವ ವಸ್ತುವಿನ ಮೇಲೆ ದೇವರೇ? ಅಲ್ಲದೆ ದೇವಿಯ ಮೂಗಿನ ಮೇಲೆ ವಾಟ್ಸ್ಆ್ಯಪ್, ಹಣೆಯ ಮೇಲೆ ಗಡಿಯಾರ. ಅಂಗಳಕ್ಕಿಳಿದು ತಾನೇ ತೆಗೆದ ಮೊದಲ ಫೋಟೋ ಹಾಕಿಸಿದಳು. ಮಳೆ ನೀರಿಗೆ ತಲೆ ಬಾಗಿದ ಕೆಂಪು ಡೇರೆ ಹೂವು, ಮೂಲೆಯಲ್ಲಿ ಅವಳದೇ ಹೆಬ್ಬೆರಳು. ರಿಂಗ್‌ಟೋನಿಗೆ ನೂರೆಂಟು ಸಂಗೀತ ಕೇಳಿಸಿದೆ, ಒಂದೂ ಬೇಡವಾಯಿತು. ಹಳೆಯ ಲ್ಯಾಂಡ್‌ಲೈನಿನ ಗಂಟೆಯೇ ಬೇಕು, ಆ ಸದ್ದಿಗೆ ಮಾತ್ರ ಅಪ್ಪ ಎದ್ದು ಬರುತ್ತಾನೆ ಎಂದಳು. ಪರೀಕ್ಷೆಗೆಂದು ನಾನು ಕರೆ ಮಾಡಿದೆ. ಟ್ರಿಣ್ ಎಂದಿದ್ದೇ ಅಪ್ಪ ಕುರ್ಚಿಯಿಂದ ಎದ್ದು, ಫೋನಿಲ್ಲದ ಗೋಡೆಯ ಮೂಲೆಗೆ ನಾಲ್ಕು ಹೆಜ್ಜೆ ಹೋಗಿಬಿಟ್ಟ.

ಮೂರನೆಯ ದಿನ ಸಂಜೆ ಮ್ಯಾಪಿನ ಸರದಿ ಬಂತು. ನಿಮ್ಮ ಮನೆ ಎಲ್ಲಿ ಎಂದು ಅದು ಕೇಳಿತು. ನಾನು ನಮ್ಮ ಕಣಿವೆಯ ಮೇಲೆ ಬೆರಳಿಡುವಷ್ಟರಲ್ಲಿ ಅಮ್ಮ ಚಿತ್ರವನ್ನು ಆಚೆ ಸರಿಸತೊಡಗಿದಳು. ಹಸಿರು ಮುಗಿದು ನೀಲಿ ಬಂತು. ಲಿಂಗನಮಕ್ಕಿ ಅಣೆಕಟ್ಟಿಗೆ 1964ರಲ್ಲಿ ನೀರು ನಿಂತಾಗ ಅಮ್ಮನಿಗೆ ಎಂಟು ವರ್ಷ. ಮನೆಯ ತೊಲೆ, ಬಾಗಿಲು, ತೊಟ್ಟಿಲು, ಒರಳು, ಕರು ಎಲ್ಲವನ್ನೂ ಲಾರಿಗೆ ತುಂಬಿ ಹತ್ತಿದ ಮಕ್ಕಳಲ್ಲಿ ಇವಳೊಬ್ಬಳು. ಮಳೆಗಾಲದಲ್ಲಿ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡಿ, 1819 ಅಡಿಗೆ ಇನ್ನೆಷ್ಟು ಬಾಕಿ ಎಂದು ಎಲ್ಲರೂ ಕರೆಂಟಿನ ಲೆಕ್ಕ ಹಾಕುತ್ತೇವೆ. ಅಮ್ಮ ಹಾಕುವ ಲೆಕ್ಕ ಬೇರೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಹಿರೇಭಾಸ್ಕರದ ಹಳೆಯ ಕಟ್ಟೆ ತಲೆಯೆತ್ತುತ್ತದೆ. ಆಗ ಅದರ ಫೋಟೋ ಪೇಪರಿನಲ್ಲಿ ಬಂದರೆ, ಅವಳು ಅದರ ಹಿನ್ನೆಲೆಯ ಗುಡ್ಡಗಳನ್ನು ನೋಡುತ್ತಾಳೆ.

ಫೋನಿನಲ್ಲೂ ಹಾಗೆಯೇ ನೋಡಿದಳು. ನೀಲಿಯ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹೋಗುವ ಸೇತುವೆಯ ಗೆರೆ ಕಂಡಿತು. 2025ರ ಜುಲೈಯಲ್ಲಿ ತೆರೆದದ್ದು, ಎರಡು ಕಿಲೋಮೀಟರಿಗೂ ಮಿಕ್ಕಿದ್ದು. ಅಲ್ಲಿಂದ ಬೆರಳು ಇಷ್ಟಿಷ್ಟೇ ಸರಿಯಿತು. ಎರಡು ದ್ವೀಪಗಳನ್ನು ದಾಟಿ, ನೀರಿನ ಒಂದು ಕೊಂಕಿನಲ್ಲಿ ನಿಂತಿತು. ಒತ್ತಿ ಹಿಡಿದಳು, ಕೆಂಪು ಗುರುತು ನೀರಿನ ಮೇಲೆ ನಾಟಿಕೊಂಡಿತು. ಫೋನು ಅದಕ್ಕೆ ಹೆಸರು ಹೇಳಲಿಲ್ಲ, ಉದ್ದನೆಯ ಒಂದಷ್ಟು ಅಂಕಿ ತೋರಿಸಿತು.

"ಇದು ಮನೆ" ಎಂದಳು.

ನಾನು ವ್ಯವಹಾರ ಮಾತಾಡಿದೆ. ಹೀಗೆ ಹಾಕಿದರೆ ದಾರಿ ಕೇಳಿದಾಗ ಅದು ನೀರಿಗೆ ಕರೆದೊಯ್ಯುತ್ತದೆ, ಈಗಿರುವ ಮನೆಯನ್ನು ಎಲ್ಲಿ ಹಾಕುವುದು ಎಂದೆ. ಅಮ್ಮ ಪರದೆ ನೋಡಿದಳು. 'ಮನೆ'ಯ ಕೆಳಗೆ ಇನ್ನೊಂದು ಜಾಗ ಖಾಲಿಯಿತ್ತು: 'ಕೆಲಸ'.

"ಇದಕ್ಕೆ ಇಲ್ಲಿಯದು ಹಾಕು. ಕೆಲಸ ಇರುವುದು ಇಲ್ಲೇ ಅಲ್ದಾ?"

ಅಪ್ಪ ನಕ್ಕ. ಐವತ್ತೆರಡು ವರ್ಷದಿಂದ ಅವಳು ದನ, ತೋಟ, ಅಡುಗೆ, ಅಡಿಕೆ ಮಾಡುತ್ತಿರುವ ಈ ಕಣಿವೆಯನ್ನು ನಾನು 'ಕೆಲಸ'ದ ಎದುರು ಹಾಕಿದೆ. ಈಗ ಆ ಫೋನು ಒಮ್ಮೊಮ್ಮೆ, ಕೇಳದಿದ್ದರೂ, ಕೆಲಸದಿಂದ ಮನೆಗೆ ಎಷ್ಟು ಹೊತ್ತಿನ ದಾರಿ ಎಂದು ಹೇಳುತ್ತದಂತೆ. ದಡದ ತನಕದ ಲೆಕ್ಕ ಅದು.

ಬೆಂಗಳೂರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದೆ. ನಾನಿರುವ ಜಾಗ ತಿಳಿಯಲು ನಲವತ್ತೊಂದು ಆ್ಯಪುಗಳಿಗೆ ಒಪ್ಪಿಗೆ ಕೊಟ್ಟಿದ್ದೆ. ಅವುಗಳಲ್ಲಿ ಒಂದು ಗೋಡೆ ಮಟ್ಟಸವಿದೆಯೇ ನೋಡುವ ರಸಮಟ್ಟದ ಆ್ಯಪು. ಅರಸೀಕೆರೆ ಬರುವಷ್ಟರಲ್ಲಿ ಹನ್ನೊಂದಕ್ಕೆ ಇಳಿಸಿದೆ, ಆಮೇಲೆ ನಿದ್ದೆ ಬಂತು.

ಇದನ್ನು ಬರೆದು ಮುಗಿಸಿ ಅಮ್ಮನಿಗೆ ವೈಫೈ ಮೇಲೆ ಕರೆ ಮಾಡಿ ಓದಿ ಹೇಳಿದೆ. ಎರಡು ಕಡೆ ತಿದ್ದಲು ಹೇಳಿದಳು. ಪಿನ್ನಿನಿಂದ ಒಲೆಯ ಬರ್ನರ್ ಬಿಡಿಸಿದ್ದು ತಾನಲ್ಲ, ಅಪ್ಪನಂತೆ. ತಿದ್ದಿಲ್ಲ, ಸಾಲು ಚೆನ್ನಾಗಿದೆ ಎಂದು ಹಾಗೇ ಬಿಟ್ಟಿದ್ದೇನೆ. ಇನ್ನೊಂದು, ಅವಳ ಹಳೆಯ ಹೆಸರು. ಮೊದಲ ಕರಡಿನಲ್ಲಿ ಅದಿತ್ತು, ತೆಗೆಸಿದಳು. ಉಳಿದದ್ದನ್ನು ಅಚ್ಚಿಗೆ ಕೊಡಲೇ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದು.

"ಈ ಸಲಕ್ಕೆ ಮಾತ್ರ" ಎಂದಳು.